ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಬೆಲೆ ಇಳಿಯುತ್ತದೆ, ಖರ್ಚು ಇಳಿಯುವುದಿಲ್ಲ

ನಮ್ಮ ಕ್ಲಾಸಿನಲ್ಲಿ ಕಾರಿನ ಮಾತು ಬಂದರೆ ಎರಡೇ ಪ್ರಶ್ನೆ. ಟಾಪ್ ಸ್ಪೀಡ್ ಎಷ್ಟು? ರೇಟ್ ಎಷ್ಟು? ಕೊಂಡ ಮೇಲೆ ವರ್ಷಕ್ಕೆ ಖರ್ಚು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಈ ಸಲದ ಬೇಸಿಗೆ ರಜೆಯಲ್ಲಿ ಆ ಮೂರನೆಯ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಆಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಮರ್ಸ್‌ನವರಿಗೆ ಇದು ಸವಕಳಿ ಪಾಠದ ಒಂದು ಉದಾಹರಣೆ. ಸೈನ್ಸ್, ಆರ್ಟ್ಸ್‌ನವರಿಗೂ ಮುಂದೆ ಎಂದಾದರೂ ಉಪಯೋಗಕ್ಕೆ ಬರಬಹುದು.

ಕಾರು ಬೇಕಾಗಿದ್ದದ್ದು ನನ್ನ ಖಾಲಾ, ಅಂದರೆ ಅಮ್ಮಿಯ ಅಕ್ಕನ ದೊಡ್ಡ ಮಗನಿಗೆ. ನಾವೆಲ್ಲ ಅವರನ್ನು ಭಾಯಿಜಾನ್ ಎಂದೇ ಕರೆಯುವುದು. ಆರು ವರ್ಷ ಸೌದಿಯ ದಮ್ಮಾಮ್‌ನಲ್ಲಿ ಎಸಿ ಕೆಲಸ ಮಾಡಿ ಶಿವಮೊಗ್ಗಕ್ಕೆ ವಾಪಸ್ ಬಂದು ಇಲ್ಲಿಯೇ ಅಂಗಡಿ ಹಾಕಿದ್ದಾರೆ. ಅಂಗಡಿಗೆ, ಮನೆ ರಿಪೇರಿಗೆ, ತಂಗಿಯ ಮದುವೆಗೆ ಎಂದು ತೆಗೆದಿಟ್ಟ ಮೇಲೆ ಅವರ ಕೈಯಲ್ಲಿ ಉಳಿದದ್ದು 8 ಲಕ್ಷ. ದಿನದ ಓಡಾಟಕ್ಕೆ ಸ್ಕೂಟರ್ ಇದೆ. ಅವರಿಗೆ ಬೇಕಾದದ್ದು ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿ, ಆಗುಂಬೆ ಕಡೆ ಓಡಿಸಲು ಒಂದು ಒಳ್ಳೆಯ ಪಿಕಪ್ ಇರುವ ಕಾರು. ಆರು ವರ್ಷ ಬೇರೆಯವರ ವ್ಯಾನ್ ಓಡಿಸಿದವರಿಗೆ ಇಷ್ಟು ಆಸೆ ಇರುವುದು ತಪ್ಪಲ್ಲ ಎಂದು ನನ್ನ ಅಭಿಪ್ರಾಯ. ಖಾಲಾ ಬೇಡ ಎನ್ನಲಿಲ್ಲ. ಒಂದೇ ಮಾತು ಹೇಳಿದರು: "ಈ ದುಡ್ಡು ಖಾಲಿಯಾದರೆ ಮತ್ತೆ ದಮ್ಮಾಮ್ ಟಿಕೆಟ್ ತೆಗೆಯಬೇಕಾಗುತ್ತೆ, ನೆನಪಿರಲಿ." ಆಮೇಲೆ ನನ್ನ ಕಡೆ ತಿರುಗಿ, "ನೀನು ಕಾಮರ್ಸ್ ಅಲ್ವಾ, ಲೆಕ್ಕ ನೀನು ಬರಿ" ಎಂದರು. ನನಗೆ ಹದಿನೇಳು. ಲೈಸೆನ್ಸ್ ಸಿಗಲು ಹದಿನೆಂಟಾಗಬೇಕು. ಹಾಗಾಗಿ ನೋಡಿದ ಎಲ್ಲ ಕಾರುಗಳಲ್ಲೂ ನಾನು ಕೂತದ್ದು ಎಡಗಡೆ ಸೀಟಿನಲ್ಲಿ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು.

ಸ್ಪೋರ್ಟ್ಸ್ ಕಾರು ಎಂದರೆ ಎರಡು ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಪೋರ್ಷೆ ತರಹದ ಕಾರು ಎಂದೇ ಎಲ್ಲರ ಕಲ್ಪನೆ. ವಿದೇಶದಲ್ಲಿ ಕಡಿಮೆ ದುಡ್ಡಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಹುಡುಕುವವರು ಹೆಚ್ಚಾಗಿ ಕೊಳ್ಳುವುದು ಮಜ್ದಾ ಎಂಎಕ್ಸ್-5. ಅದು ನಮ್ಮ ದೇಶದಲ್ಲಿ ಮಾರಾಟಕ್ಕೇ ಬರಲಿಲ್ಲ. ಇಲ್ಲಿ 8 ಲಕ್ಷದೊಳಗೆ ವೇಗದ ಕಾರು ಎಂದರೆ, ನೋಡಲು ಸಾಮಾನ್ಯ ಮನೆಯ ಕಾರಿನಂತಿದ್ದು ಒಳಗೆ ಹೆಚ್ಚು ಬಲದ ಇಂಜಿನ್ ಇರುವ ಕಾರು. ನಮ್ಮ ರಸ್ತೆಯ ಹಂಪ್‌ಗಳಿಗೂ ಅದೇ ಸರಿ.

ಭಾಯಿಜಾನ್ ಪಟ್ಟಿಯಲ್ಲಿ ನಾಲ್ಕು ಹೆಸರಿದ್ದವು. ಒಂದು, ಸ್ಕೋಡಾ ಲಾರಾ ವಿಆರ್‌ಎಸ್. 2011ರಲ್ಲಿ ಬಂದದ್ದು, 1.8 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್, 160 ಪಿಎಸ್ ಶಕ್ತಿ. ಎರಡು, ಫಿಯಾಟ್ ಅಬಾರ್ತ್ ಪುಂಟೊ. 2015ರಲ್ಲಿ 9.95 ಲಕ್ಷಕ್ಕೆ ಬಿಡುಗಡೆಯಾದಾಗ 145 ಬಿಎಚ್‌ಪಿ ಕೊಡುತ್ತಿದ್ದ ಕಾರು, ಆ ಬೆಲೆಗೆ ಅಷ್ಟು ಶಕ್ತಿ ಎಂದರೆ ದೊಡ್ಡ ಸುದ್ದಿ. ಮೂರು, ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. 2013ರ ಕಾರು, 1.2 ಲೀಟರ್, 105 ಪಿಎಸ್, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ನಾಲ್ಕು, ಅದೇ ಪೋಲೊ, ಆದರೆ 2020ರಿಂದ 2022ರವರೆಗೆ ಬಂದ 1.0 ಲೀಟರ್ ಟಿಎಸ್‌ಐ, 110 ಪಿಎಸ್, ಆರು ಗೇರಿನ ಮ್ಯಾನ್ಯುಯಲ್.

ಈ ನಾಲ್ಕಕ್ಕೂ ಟರ್ಬೊ ಇದೆ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆಯಿಂದ ಒಂದು ಸಣ್ಣ ಚಕ್ರ ತಿರುಗುತ್ತದೆ. ಅದರ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ ಒಳಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹಾಗಾಗಿ ಸಣ್ಣ ಇಂಜಿನ್‌ನಿಂದಲೇ ದೊಡ್ಡ ಇಂಜಿನ್‌ನ ಶಕ್ತಿ ಸಿಗುತ್ತದೆ. ಆ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿಗಿಂತ ಹೆಚ್ಚು ತಿರುಗಬಲ್ಲದು, ಅದೂ ಕೆಂಡದಂಥ ಬಿಸಿಯಲ್ಲಿ. ಅದನ್ನು ಕಾಪಾಡುವುದು ಇಂಜಿನ್ ಆಯಿಲ್ ಮಾತ್ರ. ಹಿಂದಿನ ಮಾಲೀಕ ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದ್ದನೋ ಇಲ್ಲವೋ ಎಂಬ ಒಂದು ವಿಷಯದ ಮೇಲೆ ಟರ್ಬೊದ ಆಯಸ್ಸು ನಿಂತಿದೆ. ಸಾಮಾನ್ಯ ಕಾರಿನಲ್ಲಿ ಎರಡು ಸರ್ವೀಸ್ ತಪ್ಪಿದ್ದರೆ ಹೇಗೋ ನಡೆದೀತು, ಇಲ್ಲಿ ನಡೆಯುವುದಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ. ನನಗೆ ಇಷ್ಟವಾದ ಭಾಗ ಇದೇ.

ಸವಕಳಿ ಎಂದರೆ ಆಸ್ತಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುವುದು ಎಂದು ಫಸ್ಟ್ ಪಿಯುಸಿಯಲ್ಲೇ ಓದಿದ್ದೇವೆ. ಕಾರಿಗೆ ಅದನ್ನು ಇನ್ಶೂರೆನ್ಸ್‌ನವರು ಪಟ್ಟಿ ಮಾಡಿಯೇ ಇಟ್ಟಿದ್ದಾರೆ. ಒಂದು ವರ್ಷದೊಳಗೆ 15%, ಎರಡು ವರ್ಷಕ್ಕೆ 20%, ಮೂರಕ್ಕೆ 30%, ನಾಲ್ಕಕ್ಕೆ 40%, ಐದಕ್ಕೆ 50% ಕಳೆದು ಕಾರಿನ ವಿಮಾ ಬೆಲೆ ನಿಗದಿಯಾಗುತ್ತದೆ. 12 ಲಕ್ಷದ ಕಾರು ಐದನೇ ವರ್ಷದಲ್ಲಿ 6 ಲಕ್ಷ. ಮಾರುಕಟ್ಟೆಯ ಬೆಲೆ ಇದೇ ಆಗಿರಬೇಕೆಂದಿಲ್ಲ, ಆದರೆ ಇಳಿಯುವ ದಾರಿ ಹೀಗೆಯೇ. ಸೆಕೆಂಡ್ ಹ್ಯಾಂಡ್ ಕೊಳ್ಳುವವನಿಗೆ ಇದು ಲಾಭ. ಆ 6 ಲಕ್ಷದ ನಷ್ಟವನ್ನು ಮೊದಲ ಮಾಲೀಕ ತಿಂದಾಗಿದೆ. ರಸ್ತೆ ತೆರಿಗೆಯೂ ಅಷ್ಟೇ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ 17% ಲೈಫ್ ಟ್ಯಾಕ್ಸ್, ಮೇಲೆ ಸೆಸ್ ಬೇರೆ. ಅದನ್ನೂ ಅವನೇ ಕಟ್ಟಿದ್ದಾನೆ.

ಆದರೆ ಪುಸ್ತಕದಲ್ಲಿ ಬರೆಯದ ಒಂದು ವಿಷಯ ಇದೆ. ಸವಕಳಿ ಆಗುವುದು ಕಾರಿನ ಬೆಲೆಗೆ, ಅದರ ಬಿಡಿಭಾಗಗಳ ಬೆಲೆಗೆ ಅಲ್ಲ. ಹೊಸದಾಗಿದ್ದಾಗ ಸುಮಾರು 15 ಲಕ್ಷದ ಲಾರಾ ವಿಆರ್‌ಎಸ್ ಅನ್ನು ಒಬ್ಬರು ಭಾಯಿಜಾನ್‌ಗೆ 3.75 ಲಕ್ಷಕ್ಕೆ ಹೇಳಿದ್ದರು. ಆ ಬೆಲೆಗೆ ಒಂದು ಹಳೆಯ ಆಲ್ಟೊ ಪಕ್ಕದಲ್ಲಿ ಅದನ್ನು ನಿಲ್ಲಿಸಿದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಅದರ ಟರ್ಬೊ, ಕ್ಲಚ್, ಸಸ್ಪೆನ್ಷನ್, ಹೆಡ್‌ಲೈಟ್ ಎಲ್ಲವೂ ಇವತ್ತಿಗೂ 15 ಲಕ್ಷದ ಕಾರಿನ ಬಿಡಿಭಾಗಗಳೇ. ವರ್ಷ ಕಳೆದಂತೆ ಅವುಗಳ ಬೆಲೆ ಏರುತ್ತದೆ, ಜೊತೆಗೆ ಸಿಗುವುದೂ ಕಷ್ಟವಾಗುತ್ತದೆ. ನಾವು ಕಾರು ತೋರಿಸುವ ಉಸ್ತಾದ್ ಮೂವತ್ತು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದಾರೆ. ಅವರು ಹೇಳಿದ್ದು ಉರ್ದುವಿನಲ್ಲಿ, ಅರ್ಥ ಇಷ್ಟು: "ಬೇಟಾ, ಆನೆ ಅಗ್ಗಕ್ಕೆ ಸಿಗುತ್ತೆ. ಅದು ತಿನ್ನೋ ಹುಲ್ಲು ಅಗ್ಗಕ್ಕೆ ಸಿಗಲ್ಲ."

ನಾನು ಬರೆದ ಲೆಕ್ಕ ಹೀಗಿತ್ತು. ಅಂಕಿಗಳು ನಮ್ಮ ಅಂದಾಜು, ನಿಮ್ಮದು ಬೇರೆ ಇರಬಹುದು. ತಿಂಗಳಿಗೆ ಎರಡು ಭಾನುವಾರ, ಅಂದರೆ ವರ್ಷಕ್ಕೆ 24 ಸಲ. ಶಿವಮೊಗ್ಗದಿಂದ ಆಗುಂಬೆಗೆ ಹೋಗಿ ಬಂದು, ಸ್ವಲ್ಪ ಸುತ್ತಾಡಿದರೆ ಸಲಕ್ಕೆ 200 ಕಿಲೋಮೀಟರ್. ವರ್ಷಕ್ಕೆ 4,800 ಕಿಲೋಮೀಟರ್. ಖುಷಿಯಿಂದ ಓಡಿಸುವವರಿಗೆ ಕಂಪನಿ ಹೇಳುವ ಮೈಲೇಜ್ ಸಿಗುವುದಿಲ್ಲ, 11 ಎಂದು ಹಿಡಿದೆ. ಪೆಟ್ರೋಲ್ ಲೀಟರಿಗೆ 103 ರೂಪಾಯಿಯಂತೆ ಸುಮಾರು 45,000. ಇನ್ಶೂರೆನ್ಸ್ 20,000. ಸರ್ವೀಸ್, ಟೈರ್, ಚಿಕ್ಕಪುಟ್ಟ ರಿಪೇರಿಗೆ 35,000. ಕಾರನ್ನು 6 ಲಕ್ಷಕ್ಕೆ ಕೊಂಡು ಮೂರು ವರ್ಷ ಬಿಟ್ಟು 4.5 ಲಕ್ಷಕ್ಕೆ ಮಾರಿದರೆ ವರ್ಷಕ್ಕೆ 50,000 ಸವಕಳಿ. ಒಟ್ಟು 1,50,000. ಅದನ್ನು 24ರಿಂದ ಭಾಗಿಸಿದರೆ ಒಂದು ಭಾನುವಾರಕ್ಕೆ 6,250 ರೂಪಾಯಿ.

ಈ ಅಂಕಿ ನೋಡಿ ಭಾಯಿಜಾನ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಚಹಾ ಮತ್ತು ದೋಸೆಯ ಖರ್ಚು ಇದರಲ್ಲಿ ಇಲ್ಲ ಎಂದು ನಾನು ಹೇಳಿದೆ.

ಹಾಗಾದರೆ ಹೊಸ ಕಾರು? 12 ಲಕ್ಷದ ಹೊಸ ಕಾರು ಕೊಂಡರೆ, ತೆರಿಗೆ ಬಿಟ್ಟು, ಮೂರು ವರ್ಷದಲ್ಲಿ 40% ಹೋಯಿತು ಎಂದು ಹಿಡಿದರೂ ವರ್ಷಕ್ಕೆ 1,60,000 ಸವಕಳಿ. ಪೆಟ್ರೋಲ್ ಅದೇ 45,000. ಇನ್ಶೂರೆನ್ಸ್ 35,000. ಸರ್ವೀಸ್ 10,000 ಸಾಕು, ಏಕೆಂದರೆ ಏನಾದರೂ ಕೆಟ್ಟರೆ ವಾರಂಟಿ ಇದೆ. ಒಟ್ಟು 2,50,000, ಭಾನುವಾರಕ್ಕೆ ಸುಮಾರು 10,400. ನಮ್ಮ ಹತ್ತಿರ 12 ಲಕ್ಷ ಇರಲಿಲ್ಲ, ಬಡ್ಡಿ ಸಾಲ ಮನೆಯಲ್ಲಿ ಯಾರೂ ತೆಗೆಯುವುದಿಲ್ಲ, ಅದು ಬೇರೆ ಮಾತು. ಲೆಕ್ಕದ ಪ್ರಕಾರ ಹಳೆಯ ಕಾರೇ ಗೆದ್ದಿತು.

ಆದರೆ ಹಳೆಯ ಕಾರಿನ ಲೆಕ್ಕದಲ್ಲಿ ಒಂದೇ ಒಂದು ದೊಡ್ಡ ರಿಪೇರಿ ಸೇರಿಸಿ ನೋಡಿ. ಗೇರ್‌ಬಾಕ್ಸ್‌ಗೆ ಒಂದೂವರೆ ಲಕ್ಷ. ಆ ವರ್ಷದ ಒಟ್ಟು 3 ಲಕ್ಷ, ಒಂದು ಭಾನುವಾರಕ್ಕೆ 12,500. ಅಗ್ಗದ ಕಾರು ಹೊಸ ಕಾರಿಗಿಂತ ದುಬಾರಿಯಾಯಿತು! ಇಡೀ ರಜೆಯಲ್ಲಿ ನನಗೆ ಮುಖ್ಯ ಎನಿಸಿದ್ದು ಇದೇ. ಹಳೆಯ ವೇಗದ ಕಾರು ಕೊಳ್ಳುವುದು ಲಾಭವೋ ನಷ್ಟವೋ ಎಂಬುದು ಬೆಲೆಯಿಂದ ತೀರ್ಮಾನವಾಗುವುದಿಲ್ಲ. ಆ ಒಂದು ದೊಡ್ಡ ರಿಪೇರಿ ಬರುತ್ತದೆಯೇ, ಬಂದರೆ ಕೈಯಲ್ಲಿ ದುಡ್ಡು ಇರುತ್ತದೆಯೇ ಎಂಬುದರಿಂದ ತೀರ್ಮಾನವಾಗುತ್ತದೆ. ಆದ್ದರಿಂದ 8 ಲಕ್ಷ ಇರುವವರು 8 ಲಕ್ಷದ ಕಾರು ನೋಡಬಾರದು. ನಾನು ಮಿತಿ ಹಾಕಿದ್ದು ಆರೂಕಾಲು ಲಕ್ಷ. ಉಳಿದದ್ದರಲ್ಲಿ ಹೆಸರು ವರ್ಗಾವಣೆ, ಇನ್ಶೂರೆನ್ಸ್, ಟೈರ್ ಕಳೆದು ಕನಿಷ್ಠ ಒಂದು ಲಕ್ಷ ಮುಟ್ಟದೆ ಇಡಬೇಕು ಎಂದು ಬರೆದುಕೊಟ್ಟೆ.

ಈ ಲೆಕ್ಕ ಇಟ್ಟುಕೊಂಡು ಪಟ್ಟಿಗೆ ವಾಪಸ್ ಬಂದರೆ ಹೆಸರುಗಳು ತಾವಾಗಿಯೇ ಕಡಿಮೆಯಾದವು. ಲಾರಾ ವಿಆರ್‌ಎಸ್ ಮೊದಲು ಹೋಯಿತು. ಹದಿನೈದು ವರ್ಷವಾದಾಗ ಖಾಸಗಿ ಕಾರಿನ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದಕ್ಕೆ ಶುಲ್ಕವೇ 5,000, ಫಿಟ್‌ನೆಸ್ ಬೇರೆ. 2011ರ ಕಾರು ಅಲ್ಲಿಗೆ ಬಂದು ನಿಂತಿದೆ. ಇನ್ಶೂರೆನ್ಸ್‌ನಲ್ಲೂ ವ್ಯತ್ಯಾಸ ಇದೆ. 2022ರಲ್ಲಿ ಸರಕಾರ ಗೊತ್ತುಮಾಡಿದ ಥರ್ಡ್ ಪಾರ್ಟಿ ಪ್ರೀಮಿಯಂ 1000 ಸಿಸಿವರೆಗಿನ ಕಾರಿಗೆ 2,094 ರೂಪಾಯಿ, 1500 ಸಿಸಿ ದಾಟಿದರೆ 7,897.

ಅಬಾರ್ತ್ ಬಿಡಲು ಭಾಯಿಜಾನ್‌ಗೆ ಮನಸ್ಸೇ ಇರಲಿಲ್ಲ. ಆ ಕಾರಿನ ಸ್ಟೀರಿಂಗ್ ಹಿಡಿದವರು ಎಲ್ಲರೂ ಹೊಗಳುತ್ತಾರೆ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ. ಆದರೆ ಫಿಯಾಟ್ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿ ವರ್ಷಗಳಾದವು. ಅಬಾರ್ತ್ ಮಾರಾಟವಾದದ್ದೂ ಕಡಿಮೆ, ಆದ್ದರಿಂದ ಅದಕ್ಕೇ ಮೀಸಲಾದ ಬಿಡಿಭಾಗಗಳಿಗೆ ಹುಡುಕಾಡಬೇಕು. ಬೆಂಗಳೂರು, ಪುಣೆಯಲ್ಲಿ ಇರುವವರಿಗೆ ಪರವಾಗಿಲ್ಲ. ಶಿವಮೊಗ್ಗದಲ್ಲಿ ಕಾರು ಕೆಟ್ಟರೆ ಮೊದಲು ಟೋಯಿಂಗ್ ಖರ್ಚು.

ಡಿಎಸ್‌ಜಿ ಇರುವ ಹಳೆಯ ಪೋಲೊ ಜಿಟಿ ವಿಷಯ ಸ್ವಲ್ಪ ವಿವರಿಸಬೇಕು, ಏಕೆಂದರೆ ನಮ್ಮ ಬಜೆಟ್ಟಿನಲ್ಲಿ ಹೆಚ್ಚು ಸಿಗುವುದು ಅದೇ. ಡಿಎಸ್‌ಜಿಯಲ್ಲಿ ಎರಡು ಕ್ಲಚ್ ಇರುತ್ತವೆ. ಒಂದು ಕ್ಲಚ್ ಒಂದು, ಮೂರು, ಐದು, ಏಳನೇ ಗೇರುಗಳನ್ನು ನೋಡಿಕೊಂಡರೆ ಇನ್ನೊಂದು ಎರಡು, ನಾಲ್ಕು, ಆರನ್ನು ನೋಡಿಕೊಳ್ಳುತ್ತದೆ. ನೀವು ಮೂರರಲ್ಲಿ ಹೋಗುತ್ತಿರುವಾಗಲೇ ನಾಲ್ಕು ಸಿದ್ಧವಾಗಿ ಕಾಯುತ್ತಿರುತ್ತದೆ. ಹಾಗಾಗಿ ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ, ಅಷ್ಟು ಚುರುಕು. ಆದರೆ ಏಳು ಗೇರಿನ ಈ ಮಾದರಿಯಲ್ಲಿ ಕ್ಲಚ್‌ಗಳು ಆಯಿಲ್‌ನಲ್ಲಿ ಮುಳುಗಿರುವುದಿಲ್ಲ, ಒಣಗಿರುತ್ತವೆ. ಸಿಟಿ ಟ್ರಾಫಿಕ್ಕಿನಲ್ಲಿ ತೆವಳುತ್ತಾ ಹೋದರೆ ಬೇಗ ಬಿಸಿಯಾಗಿ ಸವೆಯುತ್ತವೆ. ಗೇರ್ ಬದಲಿಸುವ ಮೆಕಾಟ್ರಾನಿಕ್ ಎಂಬ ಭಾಗ ಕೆಡುವುದೂ ಇದೆ. 2013ರಲ್ಲಿ ಈ ಗೇರ್‌ಬಾಕ್ಸ್ ಇರುವ ಲಕ್ಷಾಂತರ ಕಾರುಗಳನ್ನು ಕಂಪನಿ ಚೀನಾ, ಆಸ್ಟ್ರೇಲಿಯಾ ಮುಂತಾದ ದೇಶಗಳಲ್ಲಿ ದುರಸ್ತಿಗೆ ವಾಪಸ್ ಕರೆಸಿತ್ತು. ಚೆನ್ನಾಗಿ ಓಡುತ್ತಿರುವ ಡಿಎಸ್‌ಜಿ ಕಾರುಗಳು ಎಷ್ಟೋ ಇವೆ. ಆದರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಂಟು ವರ್ಷ ಓಡಿದ ಡಿಎಸ್‌ಜಿಯನ್ನು ವಾರಂಟಿ ಇಲ್ಲದೆ ಕೊಳ್ಳುವುದು, ನನ್ನ ಮಟ್ಟಿಗೆ, ಆ 12,500ರ ಭಾನುವಾರವನ್ನು ಕರೆದು ಮನೆಯಲ್ಲಿ ಕೂರಿಸಿದಂತೆ.

ಉಳಿದದ್ದು ಮ್ಯಾನ್ಯುಯಲ್ ಪೋಲೊ. 110 ಪಿಎಸ್ ಕಡಿಮೆಯಲ್ಲವೇ ಎಂದು ನನ್ನ ಗೆಳೆಯರು ಕೇಳಿದರು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ರಸ್ತೆ ಕಿರಿದು, ಎದುರಿನಿಂದ ಬಸ್ ಬರುತ್ತದೆ, ಮಂಗಗಳು ರಸ್ತೆಯ ಮೇಲೆ ಕೂತಿರುತ್ತವೆ. ಅಲ್ಲಿ 300 ಪಿಎಸ್ ಇದ್ದರೂ ಹೋಗುವುದು ಅಷ್ಟೇ ವೇಗ. ಅಂಥ ರಸ್ತೆಯಲ್ಲಿ ಖುಷಿ ಕೊಡುವುದು ಹಗುರವಾದ ಕಾರು, ನೆಟ್ಟಗೆ ಮಾತು ಕೇಳುವ ಸ್ಟೀರಿಂಗ್, ಒಳ್ಳೆಯ ಬ್ರೇಕು, ಹೊಸ ಟೈರು. ಇಂಜಿನ್ ಶಕ್ತಿಯ ಸರದಿ ಅದಾದ ಮೇಲೆ.

ಮಾದರಿ ಗೊತ್ತಾಯಿತು ಎಂದರೆ ಕೆಲಸ ಮುಗಿಯಲಿಲ್ಲ. ಸಾಮಾನ್ಯ ಕಾರಿನ ಮಾಲೀಕ ಅದನ್ನು ಆಫೀಸಿಗೆ ಓಡಿಸಿರುತ್ತಾನೆ, ಇಂಥ ಕಾರಿನ ಮಾಲೀಕ ಅದನ್ನು ಓಡಿಸಲೆಂದೇ ಓಡಿಸಿರುತ್ತಾನೆ. ಅದು ಉಸ್ತಾದ್ ನಮಗೆ ಮೊದಲು ಹೇಳಿದ ಮಾತು. ಆದ್ದರಿಂದ ಅವರು ಮೊದಲು ನೋಡುವುದು ಕಾರನ್ನಲ್ಲ, ಮಾರುವವನ ಫೈಲನ್ನು. ಪ್ರತಿ ಸರ್ವೀಸಿನ ಬಿಲ್ಲು, ಅದರಲ್ಲಿ ಕಿಲೋಮೀಟರ್, ಯಾವ ಆಯಿಲ್ ಹಾಕಿದರು ಎಂಬುದು. ನಾವು ನೋಡಿದ ಒಂದು ಕಾರಿನ ಮೀಟರ್ 41,000 ತೋರಿಸುತ್ತಿತ್ತು. ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಮರೆತು ಉಳಿದಿದ್ದ ಎರಡು ವರ್ಷ ಹಿಂದಿನ ಬಿಲ್ಲಿನಲ್ಲಿ 67,000 ಎಂದಿತ್ತು. ಬ್ರೋಕರ್ ಅದು ಟೈಪಿಂಗ್ ತಪ್ಪು ಎಂದ. ನಾವು ಸಲಾಂ ಹೇಳಿ ಬಂದೆವು.

ಎರಡನೆಯದು, ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ಮಾರುವವರು "ನೀವು ಬರುವಷ್ಟರಲ್ಲಿ ಗಾಡಿ ಬಿಸಿ ಮಾಡಿ ಇಟ್ಟಿರ್ತೀನಿ" ಎಂದರೆ ಬೇಡ ಎನ್ನಿ. ರಾತ್ರಿಯೆಲ್ಲ ನಿಂತ ಇಂಜಿನ್ ಸ್ಟಾರ್ಟ್ ಆದ ಮೊದಲ ನಿಮಿಷದಲ್ಲಿ ಅದರ ಖಾಯಿಲೆಗಳು ತಿಳಿಯುತ್ತವೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಟರ್ಬೊ ಅಥವಾ ಪಿಸ್ಟನ್ ರಿಂಗ್ ಸವೆದಿರಬಹುದು. ನಿಲ್ಲದೆ ಬರುವ ದಟ್ಟ ಬಿಳಿ ಹೊಗೆ ಎಂದರೆ ಕೂಲಂಟ್ ಒಳಗೆ ಸೇರುತ್ತಿದೆ. ಆಯಿಲ್ ಮುಚ್ಚಳದ ಒಳಭಾಗದಲ್ಲಿ ಹಾಲು ಬೆರೆಸಿದಂತೆ ಅಂಟು ಇದ್ದರೂ ಅದೇ ಅನುಮಾನ. ಆಮೇಲೆ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಬೇಕು. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಇವನ್ನು ಮೆಕ್ಯಾನಿಕ್ ಮಾಡಲಿ, ಆದರೆ ಅವರು ಏನು ನೋಡುತ್ತಿದ್ದಾರೆ ಎಂದು ನಮಗೆ ತಿಳಿದಿದ್ದರೆ ಒಳ್ಳೆಯದು. ಉಸ್ತಾದ್ ಬಳಿ ಒಂದು ಸ್ಕ್ಯಾನರ್ ಕೂಡ ಇದೆ. ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷಗಳು ಅದರಲ್ಲಿ ಕಾಣುತ್ತವೆ, ಯಾರಾದರೂ ಅವನ್ನು ಈಚೆಗೆ ಅಳಿಸಿದ್ದರೆ ಅದರ ಗುರುತೂ ಸಿಗಬಹುದು.

ರೀಮ್ಯಾಪ್ ಎಂಬ ಶಬ್ದವನ್ನು ಇಂಥ ಕಾರು ನೋಡುವಾಗ ಮರೆಯದೆ ಕೇಳಬೇಕು. ಟರ್ಬೊ ಇಂಜಿನ್‌ನ ಕಂಪ್ಯೂಟರ್ ಪ್ರೋಗ್ರಾಂ ಬದಲಿಸಿ ಹೆಚ್ಚು ಶಕ್ತಿ ತೆಗೆಯುವುದು ಸುಲಭ. ಮಾರುವ ಮುಂಚೆ ಹಳೆಯ ಪ್ರೋಗ್ರಾಂ ವಾಪಸ್ ಹಾಕುವುದೂ ಸುಲಭ. ಆದರೆ ಆ ಎರಡು ಮೂರು ವರ್ಷ ಕ್ಲಚ್, ಗೇರ್‌ಬಾಕ್ಸ್, ಟರ್ಬೊ ತಮ್ಮ ಅಳತೆಗಿಂತ ಹೆಚ್ಚು ಹೊರೆ ಹೊತ್ತಿರುತ್ತವೆ. ಕಂಪನಿಯ ಮೂಲ ರೂಪವನ್ನು ಬದಲಿಸಿದ ವಾಹನಗಳ ವಿಷಯದಲ್ಲಿ ಕಾನೂನು ಬಿಗಿಯಾಗಿದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿ ಹೇಳಿದೆ. ತಿಳಿಸದೆ ಮಾಡಿದ ಬದಲಾವಣೆ ಇದ್ದರೆ ಅಪಘಾತವಾದಾಗ ಇನ್ಶೂರೆನ್ಸ್ ಕ್ಲೇಮಿಗೂ ತೊಂದರೆ. ದೊಡ್ಡ ಸದ್ದಿನ ಸೈಲೆನ್ಸರ್, ಬದಲಿಸಿದ ಗಾಳಿಯ ಪೈಪು ಕಂಡರೆ ಒಳಗಿನ ಪ್ರೋಗ್ರಾಂ ಬಗ್ಗೆಯೂ ಅನುಮಾನ ಪಡಿ.

ನೆರೆ ನೀರಿನಲ್ಲಿ ಮುಳುಗಿದ ಕಾರುಗಳದ್ದು ಬೇರೆಯೇ ಕಥೆ. 2015ರ ಚೆನ್ನೈ ಪ್ರವಾಹ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ನುಗ್ಗಿದ ನೀರು ನೆನಪಿರಬಹುದು. ಹಾಗೆ ಮುಳುಗಿದ ಕಾರುಗಳನ್ನು ತೊಳೆದು, ಪಾಲಿಶ್ ಮಾಡಿ ಬೇರೆ ಊರಿನಲ್ಲಿ ಮಾರುವವರಿದ್ದಾರೆ. ಪರೀಕ್ಷೆ ಸುಲಭ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಮೇಲಿನ ಭಾಗ ಎಲ್ಲರೂ ತೊಳೆಯುತ್ತಾರೆ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಮಣ್ಣಿನ ಕಲೆ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಗುಂಡಿಯ ಮೂಲೆಯಲ್ಲಿ ತುಕ್ಕು, ಕಾರಿನೊಳಗೆ ಅತಿಯಾದ ಸೆಂಟ್ ವಾಸನೆ, ಇವೂ ಅನುಮಾನದ ವಿಷಯಗಳೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಕಾರು 2020ರದ್ದಾಗಿ ಟೈರೂ 2019ರದ್ದೇ ಇದ್ದರೆ, ಗುಂಡಿ ಎಷ್ಟೇ ಆಳವಾಗಿ ಕಂಡರೂ ರಬ್ಬರ್ ಗಟ್ಟಿಯಾಗಿರುತ್ತದೆ. ನಾಲ್ಕೂ ಹೊಸದು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕಾಗದಪತ್ರದ ವಿಷಯ ನೀರಸ, ಆದರೆ ದುಡ್ಡು ಕಳೆದುಕೊಳ್ಳುವವರು ಹೆಚ್ಚಾಗಿ ಇಲ್ಲಿಯೇ ಕಳೆದುಕೊಳ್ಳುವುದು. ಸರಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಆರ್‌ಸಿ, ಇನ್ಶೂರೆನ್ಸ್ ವಿವರ ನೋಡಬಹುದು. ಬ್ಯಾಂಕ್ ಸಾಲ ಇದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರುತ್ತದೆ. ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರ, ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬಾರದು. ಬಾಕಿ ಇರುವ ದಂಡವನ್ನು ಮಾರುವವರಿಂದಲೇ ಕಟ್ಟಿಸಿ. ಹೆಸರು ಬದಲಾಯಿಸಲು ಫಾರಂ 29 ಮತ್ತು 30. ಡೆಲ್ಲಿಯ ಕಾರುಗಳು ಅಗ್ಗಕ್ಕೆ ಸಿಗುತ್ತವೆ ಎಂದು ಕೇಳಿರುತ್ತೀರಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಹಳೆಯ ಕಾರುಗಳನ್ನು ದಕ್ಷಿಣಕ್ಕೆ ತಂದು ಮಾರುವುದು ಹೆಚ್ಚಾಯಿತು. ಆದರೆ ಬೇರೆ ರಾಜ್ಯದ ಕಾರನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಆಗಬೇಕು. ಅದಕ್ಕೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ಇಲ್ಲಿನ ಲೈಫ್ ಟ್ಯಾಕ್ಸ್ ಕಾರಿನ ವಯಸ್ಸಿಗೆ ತಕ್ಕಂತೆ ಮತ್ತೆ ಕಟ್ಟಬೇಕು. ಉಳಿಸಿದ ದುಡ್ಡು ಅಲ್ಲಿಗೇ ಹೋಗುತ್ತದೆ.

ಇನ್ಶೂರೆನ್ಸ್‌ನಲ್ಲಿ ಒಂದು ಸೂಕ್ಷ್ಮ ಇದೆ. ಕ್ಲೇಮ್ ಮಾಡದವರಿಗೆ ಸಿಗುವ ನೋ ಕ್ಲೇಮ್ ಬೋನಸ್ 20%ರಿಂದ 50%ವರೆಗೆ ಇರುತ್ತದೆ. ಅದು ಮಾಲೀಕನಿಗೆ ಸೇರಿದ್ದು, ಕಾರಿಗೆ ಅಲ್ಲ. "ಇನ್ಶೂರೆನ್ಸ್ ಬರೀ 9,000 ಅಷ್ಟೇ ಸಾರ್" ಎಂದು ಮಾರುವವರು ತೋರಿಸಿದರೆ ಅದು ಅವರ ಬೋನಸ್ ಕಳೆದ ಮೊತ್ತ, ನಿಮಗೆ ಅದು ಸಿಗುವುದಿಲ್ಲ. ಮತ್ತೆ, ಕಾರು ಕೊಂಡ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ತಡವಾದರೆ ನಿಮ್ಮ ಕಾರಿಗೆ ಆದ ಹಾನಿಗೆ ದುಡ್ಡು ಸಿಗುವುದು ಕಷ್ಟ.

ವಾರಕ್ಕೊಮ್ಮೆ ಓಡುವ ಕಾರು ಕಡಿಮೆ ಸವೆಯುತ್ತದೆ ಎಂದು ನಾನು ಅಂದುಕೊಂಡಿದ್ದೆ, ಉಸ್ತಾದ್ ನಕ್ಕರು. ನಿಂತ ಕಾರಿಗೆ ಬೇರೆ ಕಾಯಿಲೆಗಳಿವೆ. ಬ್ಯಾಟರಿ ಇಳಿಯುತ್ತದೆ, ಬ್ರೇಕ್ ಡಿಸ್ಕಿಗೆ ತುಕ್ಕು ಬರುತ್ತದೆ. ಕಿಲೋಮೀಟರ್ ಆಗದಿದ್ದರೂ ಆಯಿಲನ್ನು ವರ್ಷಕ್ಕೊಮ್ಮೆ ಬದಲಿಸಲೇಬೇಕು. 2023ಕ್ಕಿಂತ ಮುಂಚಿನ ಹೆಚ್ಚಿನ ಕಾರುಗಳು 20% ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್‌ಗಾಗಿ ತಯಾರಾದವಲ್ಲ, ಆದ್ದರಿಂದ ಪೆಟ್ರೋಲ್ ಪೈಪುಗಳನ್ನು ಸರ್ವೀಸಿನಲ್ಲಿ ನೋಡಿಸುತ್ತಿರಬೇಕು. ಎಲ್ಲಕ್ಕಿಂತ ದೊಡ್ಡ ಶತ್ರು ಮಲೆನಾಡಿನ ಮಳೆಗಾಲದ ಇಲಿ. ಬೆಚ್ಚಗಿನ ಬಾನೆಟ್ ಒಳಗೆ ಸೇರಿ ವೈರ್ ಕಡಿಯುತ್ತದೆ.

ಕೊನೆಗೆ ಸಿಕ್ಕಿದ್ದು 2020ರ ಮ್ಯಾನ್ಯುಯಲ್ ಪೋಲೊ, 58,000 ಕಿಲೋಮೀಟರ್, ಒಬ್ಬರೇ ಮಾಲೀಕರು, ಶಾಲಾ ಶಿಕ್ಷಕರು. ಎಲ್ಲ ಬಿಲ್ಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಇಟ್ಟಿದ್ದರು, ನೋಡಿ ನನಗೇ ಖುಷಿಯಾಯಿತು. 6.5 ಲಕ್ಷ ಹೇಳಿದರು. ಟೈರ್, ಬ್ಯಾಟರಿ ಹಳೆಯದಾಗಿದ್ದ ಲೆಕ್ಕ ತೋರಿಸಿ 6.1ಕ್ಕೆ ಒಪ್ಪಿಸಿದೆವು. ಎಲ್ಲ ಖರ್ಚು ಕಳೆದು ಉಳಿದ 1,20,000 ರೂಪಾಯಿ ಬೇರೆ ಖಾತೆಯಲ್ಲಿದೆ. ಅದರ ಪಾಸ್‌ಬುಕ್ ಇರುವುದು ಖಾಲಾ ಹತ್ತಿರ.

ನಾನು ಈಗಲೂ ಪ್ರತಿ ತಿಂಗಳು ಲೆಕ್ಕ ಬರೆಯುತ್ತೇನೆ. ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ಎರಡು ಕಾಲಂ. ಕಾರು ಮನೆಯಿಂದ ಹೊರಗೆ ಬರದಿದ್ದರೂ ಇನ್ಶೂರೆನ್ಸ್, ಸರ್ವೀಸ್, ಸವಕಳಿ ಸೇರಿ ತಿಂಗಳಿಗೆ 8,750 ಬೀಳುತ್ತದೆ. ಒಂದು ಸಲ ಹೊರಟರೆ ಪೆಟ್ರೋಲ್ 1,875. ಜೂನ್‌ನಲ್ಲಿ ಮಳೆ ಜೋರಾಗಿ ಭಾಯಿಜಾನ್ ಹೋದದ್ದು ಒಂದೇ ಭಾನುವಾರ. ಹಾಗಾಗಿ ಆ ಒಂದು ಭಾನುವಾರದ ಖರ್ಚು 10,625 ಎಂದು ಬರೆದು ತೋರಿಸಿದೆ. ಅವರು ಓದಿ, ಹಾಗಾದರೆ ಜುಲೈನಲ್ಲಿ ಮೂರು ಸಲ ಹೋಗಿ ಸರಾಸರಿ ಇಳಿಸೋಣ ಎಂದರು.